ಬಹ್ರೇನ್‌ನಲ್ಲಿ ಕಬಡ್ಡಿ, ತುಮರಿಯಲ್ಲಿ ದೀಪಾವಳಿ

ಅಕ್ಟೋಬರ್ 19, ಭಾನುವಾರ. ಶಿವಮೊಗ್ಗದಿಂದ ಸಾಗರ

ಊರ ಹಬ್ಬಕ್ಕೆ ಹೋಗುವುದನ್ನು ಪ್ರವಾಸ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ 2025ರ ದೀಪಾವಳಿಯಲ್ಲಿ ನೋಡುವುದಕ್ಕೆ ಎರಡು ಹೊಸ ಸಂಗತಿಗಳಿದ್ದವು. ಒಂದು ಸಿಗಂದೂರಿನ ಸೇತುವೆ. ಅದು ಆದಮೇಲೆ ನಮ್ಮ ಕಡೆಗೆ ಬಂದ ಮೊದಲ ದೀಪಾವಳಿ ಇದು. ಇನ್ನೊಂದು, ಹಬ್ಬದ ವಾರವೇ ಬಹ್ರೇನ್ ದೇಶದಲ್ಲಿ ಏಷ್ಯನ್ ಯೂತ್ ಗೇಮ್ಸ್. ಏಷ್ಯಾದ ಹದಿಹರೆಯದ ಮಕ್ಕಳ ಕ್ರೀಡಾಕೂಟ. ಅದರಲ್ಲಿ ಇದೇ ಮೊದಲ ಸಲ ಕಬಡ್ಡಿ ಸೇರಿದೆ. ಎರಡಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ನನ್ನ ಅಕ್ಕನ ಮಗಳು ಪುಟ್ಟಿ ಜೊತೆಗಿದ್ದರೆ ಎಲ್ಲದಕ್ಕೂ ಕಬಡ್ಡಿಯ ಸಂಬಂಧ ಬಂದೇ ಬರುತ್ತದೆ.

ಪುಟ್ಟಿ ಸಾಗರದಲ್ಲಿ ಹತ್ತನೇ ಕ್ಲಾಸು. ಹೈಸ್ಕೂಲ್ ಟೀಮಿನಲ್ಲಿ ಲೆಫ್ಟ್ ಕಾರ್ನರ್, ಅಂದರೆ ಎಡ ಮೂಲೆಯಲ್ಲಿ ನಿಂತು ನುಗ್ಗಿ ಬಂದವರನ್ನು ಹಿಡಿಯುವವಳು. ತಾಲ್ಲೂಕು ಮಟ್ಟ ದಾಟಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ. ರಜೆ ಮುಗಿದಮೇಲೆ ವಿಭಾಗ ಮಟ್ಟ. ನಾನು ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರ ದಾಟಿ ಸಂಜೆಗೆ ಸಾಗರ ಮುಟ್ಟಿದೆ. ದಾರಿಯುದ್ದಕ್ಕೂ ಹಬ್ಬದ ಟ್ರಾಫಿಕ್. ಬೆಂಗಳೂರು ನಂಬರಿನ ಕಾರುಗಳೇ ಜಾಸ್ತಿ. ಅಕ್ಕನ ಮನೆಯಲ್ಲಿ ಹಂಡೆ ತೊಳೆದು, ಶೇಡಿ ಬಳಿದು, ನೀರು ತುಂಬುತ್ತಿದ್ದರು. ನಾನು ಚಪ್ಪಲಿ ಬಿಡುವುದರೊಳಗೆ ಪುಟ್ಟಿ ಮೊಬೈಲ್ ಹಿಡಿದುಕೊಂಡು ಓಡಿ ಬಂದಳು.

"ಮಾವ, ಕಬಡ್ಡಿ ಇವತ್ತೇ ಶುರು. ಓಪನಿಂಗ್ ಮಾತ್ರ ಬುಧವಾರ."

ದೊಡ್ಡ ಕೂಟಗಳಲ್ಲಿ ಹೀಗಾಗುತ್ತದೆ. ಪಂದ್ಯ ಜಾಸ್ತಿ ಇರುವ ಆಟಗಳನ್ನು ಉದ್ಘಾಟನೆಗೆ ಮೊದಲೇ ಶುರು ಮಾಡುತ್ತಾರೆ. ಊಟಕ್ಕೆ ಕೂತಾಗಲೂ ಅದೇ ಮಾತು. ಭಾವ ನಡುವೆ ಒಂದು ಸಲ ಅಡಿಕೆ ರೇಟು ಎತ್ತಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಟೋಬರ್ 20, ಸೋಮವಾರ. ಸಾಗರದಿಂದ ತುಮರಿ ಕಡೆಗೆ

ಬೆಳಗಿನ ಜಾವ ಎಣ್ಣೆ ಸ್ನಾನ, ಆಮೇಲೆ ದೋಸೆ, ಬೆಲ್ಲದ ಕಾಯಿಹಾಲು. ಅಕ್ಕ ಭಾವ ಬುಧವಾರ ಬರುವವರು. ನಾನು ಪುಟ್ಟಿ ಮೊದಲೇ ಹೊರಟೆವು. ಆವಿನಹಳ್ಳಿ ದಾಟಿದಮೇಲೆ ರಸ್ತೆ ಕಾಡಿನೊಳಗೆ ಸುತ್ತಿ ಸುತ್ತಿ ಇಳಿಯುತ್ತದೆ. ಕೊನೆಗೆ ಹೊಳೆಬಾಗಿಲು. ಎದುರಿಗೆ ಶರಾವತಿ ಹಿನ್ನೀರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಗದ್ದೆ, ತೋಟ, ಊರುಗಳು ಮುಳುಗಿದವು. ಮುಳುಗದೆ ಉಳಿದ ತುಮರಿ ಕಡೆಯ ಊರುಗಳು ಹೊಳೆಯಾಚೆಗೆ ಬಿದ್ದವು. ಸಾಗರಕ್ಕೆ ಬರಬೇಕೆಂದರೆ ಲಾಂಚ್, ಅಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿ. ಲಾಂಚ್ ಇಲ್ಲವೆಂದರೆ ನಗರ ಅನ್ನುವ ಊರು, ಹೊಸನಗರದ ಕಡೆಯಿಂದ ದಿಕ್ಕು ಸುತ್ತಿ ಬರಬೇಕು. ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟ ನೀರಿನ ದಡದಲ್ಲಿ ಕೂತು ನಾವು ಬಸುರಿಯರನ್ನು, ಹಾವು ಕಚ್ಚಿದವರನ್ನು ಲಾಂಚಿಗೆ ಕಾಯಿಸಿದ್ದೇವೆ. ಈಗ ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಸೇತುವೆ. ಸಿಗಂದೂರಿನ ಸೇತುವೆ ಅನ್ನುವುದು ಇದನ್ನೇ. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ನಡುವಿನ ಭಾಗವನ್ನು ಕಂಬಗಳಿಂದ ಕೇಬಲ್ ಎಳೆದು ಹಿಡಿದಿದ್ದಾರೆ. ಪ್ರವಾಸಿಗಳು ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹಿಂದೆ ವಾಹನಗಳ ಸಾಲು ನಿಂತಿದ್ದರೂ ಅವರಿಗೆ ಅದರ ಪರಿವೆಯಿಲ್ಲ.

ಪುಟ್ಟಿ ಫೋಟೊ ತೆಗೆಯಲಿಲ್ಲ. "ಅಣ್ಣಂಗೆ ಆವಾಗ ಈ ಬ್ರಿಡ್ಜ್ ಇದ್ದಿದ್ರೆ ಫೈನಲ್ ಆಡ್ತಿದ್ದ, ಅಲ್ವಾ ಮಾವ?" ಅಂದಳು.

ಅವಳು ಹೇಳಿದ್ದು ನನ್ನ ಅಣ್ಣನ ಮಗನ ವಿಷಯ. ಅವನು ಹುಟ್ಟಿದ್ದು 2001ರಲ್ಲಿ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಡೆಯ ಒಳ್ಳೆಯ ರೈಡರ್, ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು. ತಾಲ್ಲೂಕು ಮಟ್ಟದ ಪಂದ್ಯ ಸಾಗರದಲ್ಲಿ. ಬೆಳಿಗ್ಗೆ ಶುರುವಾಗಬೇಕಾದ್ದು ಮಾಮೂಲಿನಂತೆ ತಡವಾಯಿತು. ಅತಿಥಿಗಳ ಭಾಷಣ, ಕ್ರೀಡಾಜ್ಯೋತಿ, ಪ್ರತಿಜ್ಞೆ. ಸೆಮಿಫೈನಲ್ ಗೆಲ್ಲುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಫೈನಲ್‌ಗೆ ಕಾದರೆ ಕೊನೆಯ ಲಾಂಚ್ ತಪ್ಪುತ್ತದೆ. ಅಷ್ಟು ಹುಡುಗರನ್ನು ರಾತ್ರಿ ಎಲ್ಲಿ ಮಲಗಿಸುವುದು? ಮೇಷ್ಟ್ರು ಸಂಘಟಕರ ಹತ್ತಿರ ಮಾತಾಡಿದರು, ಬೇಡಿಕೊಂಡರು, ಆಮೇಲೆ ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದರು. ಎದುರಿನ ತಂಡಕ್ಕೆ ವಾಕ್ ಓವರ್. ಇಂಥದ್ದು ಅವನೊಬ್ಬನಿಗೆ ಆಗಿದ್ದೂ ಅಲ್ಲ. ಹೊಳೆಯಾಚೆ ಆಟ ಆಡಿದ ಯಾರನ್ನು ಕೇಳಿದರೂ ಲಾಂಚಿಗಾಗಿ ಅರ್ಧಕ್ಕೆ ಬಿಟ್ಟುಬಂದ ಒಂದು ಪಂದ್ಯದ ಕಥೆ ಸಿಗುತ್ತದೆ.

ಮನೆ ಮುಟ್ಟಿದಾಗ ಅವನು ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಈಗ ಅಡಿಕೆ ತೋಟ ಅವನದೇ ಉಸ್ತುವಾರಿ. ಕೊಳೆ ರೋಗ, ಎಲೆಚುಕ್ಕಿ ರೋಗ, ಸಾಲದ್ದಕ್ಕೆ ಮಂಗಗಳು.

"ಏನೇ, ಕಾರ್ನರ್! ಮಂಡಿ ಗಟ್ಟಿ ಉಂಟೋ?" ಅಂದ ಪುಟ್ಟಿಗೆ. ಅಮ್ಮ ಒಳಗಿನಿಂದ, "ಮೊದ್ಲು ಒಳಗ್ ಬಂದು ಆಸ್ರಿಗೆ ಕುಡೀರಿ. ಆಮೇಲೆ ಮಂಡಿ" ಅಂದಳು.

ಅಕ್ಟೋಬರ್ 21, ಮಂಗಳವಾರ. ಗುಡ್ಡದ ನೆತ್ತಿ

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸೇತುವೆ ಬಂತು, ಸಿಗ್ನಲ್ ಬರಲಿಲ್ಲ. ಟವರ್ ಇದೆ. ಕರೆಂಟ್ ಹೋದರೆ ಅದೂ ಮಲಗುತ್ತದೆ. ಕಂಪನಿಯವರಿಗೆ ಕೊಟ್ಟ ಅರ್ಜಿಗಳನ್ನು ಸೇರಿಸಿ ಕಟ್ಟಿದರೆ ಒಂದು ಪುಸ್ತಕವೇ ಆದೀತು. ಹಾಗಾಗಿ ಬಹ್ರೇನ್‌ನಲ್ಲಿ ಏನಾಯಿತು ಅಂತ ತಿಳಿಯಬೇಕೆಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ನೆತ್ತಿಯಲ್ಲೊಂದು ಹೊನ್ನೆ ಮರ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್. ಹಬ್ಬಕ್ಕೆ ಬಂದ ಅಕ್ಕಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗರೆಲ್ಲ ಅಲ್ಲೇ ನಿಂತಿರುತ್ತಾರೆ.

ನಾವು ಮೂವರೂ ಮಧ್ಯಾಹ್ನ ಹತ್ತಿದೆವು. ಪುಟ್ಟಿಯ ಮೊಬೈಲು ಕುಣಿಯಿತು. ಕಬಡ್ಡಿ ಗ್ರೂಪಿನಲ್ಲಿ ಮೆಸೇಜಿನ ಮೇಲೆ ಮೆಸೇಜು. ಹುಡುಗರು ಪಾಕಿಸ್ತಾನವನ್ನು 81-26ರಿಂದ ಹೊಡೆದಿದ್ದರು. ಗ್ರೂಪಿನವರಿಗೆ ಅದೇ ಹಬ್ಬ. ಅಣ್ಣನ ಮಗ ಮಾತ್ರ ತಲೆ ಆಡಿಸಿದ.

"ಇಷ್ಟು ಅಂತರ ಇದ್ರೆ ಆಟ ಅಲ್ಲ ಚಿಕ್ಕಪ್ಪ, ಪ್ರಾಕ್ಟೀಸು."

ನನಗೂ ಹಾಗೇ ಅನಿಸಿತು. ಕಬಡ್ಡಿಯಲ್ಲಿ ಏಳೂ ಜನ ಔಟಾದರೆ ಲೋನಾ. ಎದುರಿನವರಿಗೆ ಎರಡು ಪಾಯಿಂಟ್ ಜಾಸ್ತಿ, ಬಿದ್ದ ತಂಡದವರೆಲ್ಲ ಮತ್ತೆ ಅಂಕಣಕ್ಕೆ. ಒಂದು ತಂಡ ಮೇಲಿಂದ ಮೇಲೆ ಲೋನಾ ಬೀಳುತ್ತಿದ್ದರೆ ಸ್ಕೋರು ಹೀಗೆ ಓಡುತ್ತದೆ. ಗೆದ್ದದ್ದಕ್ಕೆ ಖುಷಿಯೇನೋ ಆಗುತ್ತದೆ. ಆದರೆ ಇರಾನ್ ಒಂದನ್ನು ಬಿಟ್ಟರೆ ನಮ್ಮನ್ನು ಗಟ್ಟಿಯಾಗಿ ಎದುರಿಸುವ ದೇಶವೇ ಇಲ್ಲವೆಂದರೆ, ಕಬಡ್ಡಿ ಒಲಿಂಪಿಕ್ಸಿಗೆ ಹೋಗಬೇಕು ಅಂತ ನಾವು ಬಡಿದುಕೊಂಡು ಏನು ಪ್ರಯೋಜನ?

ಒಲಿಂಪಿಕ್ಸ್ ಅಂದಿದ್ದೇ ಪುಟ್ಟಿ ಹಿಡಿದುಕೊಂಡಳು. "ಮಾವ, ಯೂತ್ ಒಲಿಂಪಿಕ್ಸ್ ಅಂತಲೂ ಇದ್ಯಲ್ಲ?"

ಇದೆ. ಮೊದಲನೆಯದು 2010ರಲ್ಲಿ ಸಿಂಗಪುರದಲ್ಲಿ ನಡೆಯಿತು. ಆಮೇಲೆ 2014ರಲ್ಲಿ ಚೀನಾದ ನಾನ್‌ಜಿಂಗ್, 2018ರಲ್ಲಿ ಬ್ಯೂನಸ್ ಐರಿಸ್. ಅಲ್ಲಿ ಮನು ಭಾಕರ್ ಹದಿನಾರರ ವಯಸ್ಸಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದಳು. ಆರು ವರ್ಷ ಬಿಟ್ಟು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಕಂಚು. ಮುಂದಿನ ಯೂತ್ ಒಲಿಂಪಿಕ್ಸ್ ಸೆನೆಗಲ್ ದೇಶದ ಡಕಾರ್‌ನಲ್ಲಿ, 2026ರ ಅಕ್ಟೋಬರ್ 31ರಿಂದ ನವೆಂಬರ್ 13ರವರೆಗೆ. ಆಫ್ರಿಕಾದಲ್ಲಿ ನಡೆಯುತ್ತಿರುವ ಮೊದಲ ಒಲಿಂಪಿಕ್ ಕೂಟ ಅದು. ವಯಸ್ಸು 15ರಿಂದ 17.

"ನಾನು 2010. ನಂಗೆ ಆಗುತ್ತೆ!"

"ನಿಂಗೆ ಆಗುತ್ತೆ. ಕಬಡ್ಡಿಗೆ ಆಗಲ್ಲ. ಅಲ್ಲಿ ಕಬಡ್ಡಿ ಇಲ್ಲ."

"ಮತ್ತೆ ಏಷ್ಯನ್ ಯೂತ್?"

ಅದಕ್ಕೆ ಉತ್ತರ ಕೊಟ್ಟಿದ್ದು ಅಣ್ಣನ ಮಗ. ಲೆಕ್ಕ ಅವನ ಬಾಯಲ್ಲೇ ಇತ್ತು. ಮುಂದಿನದು 2029ಕ್ಕೆ. ಆವಾಗ ಅವಳಿಗೆ 19. ಒಂದು ಕಡೆ ವಯಸ್ಸು ಸರಿ ಇದೆ, ಆಟ ಇಲ್ಲ. ಇನ್ನೊಂದು ಕಡೆ ಆಟ ಇದೆ, ವಯಸ್ಸು ಇರಲ್ಲ. ಪುಟ್ಟಿ ಸ್ವಲ್ಪ ಹೊತ್ತು ಏನೂ ಮಾತಾಡದೆ ಮೊಬೈಲು ತಿರುಗಿಸುತ್ತಾ ಕೂತಳು.

ಮಕ್ಕಳ ಕ್ರೀಡಾಕೂಟದ ನಿಜವಾದ ಕಷ್ಟ ಇದು. ದೊಡ್ಡವರ ಒಲಿಂಪಿಕ್ಸ್ 2020ರಿಂದ 2021ಕ್ಕೆ ಹೋಯಿತು. ಹೆಚ್ಚಿನವರು ಒಂದು ವರ್ಷ ತಡೆದು ಆಡಿದರು. ಹದಿನೇಳರ ಹುಡುಗನಿಗೆ ಹಾಗೆ ತಡೆಯುವುದಕ್ಕೆ ಆಗುವುದಿಲ್ಲ. ಡಕಾರ್ ಕೂಟ ಮೂಲದಲ್ಲಿ 2022ಕ್ಕೆ ಇತ್ತು. ಕೋವಿಡ್ ಕಾರಣಕ್ಕೆ ನಾಲ್ಕು ವರ್ಷ ಮುಂದೂಡಿದರು. ಆಗ ಆ ವಯಸ್ಸಿನಲ್ಲಿದ್ದವರ ಸರದಿ ಹಾಗೇ ಹಾರಿಹೋಯಿತು. ಏಷ್ಯನ್ ಯೂತ್ ಗೇಮ್ಸಿನದು ಇನ್ನೂ ಕೆಟ್ಟ ಕಥೆ. 2009ರಲ್ಲಿ ಸಿಂಗಪುರ, 2013ರಲ್ಲಿ ನಾನ್‌ಜಿಂಗ್. 2017ರದ್ದು ಮೊದಲು ಶ್ರೀಲಂಕಾದ ಹಂಬಂಟೋಟಕ್ಕೆ ಅಂದರು, ಆಮೇಲೆ ಜಕಾರ್ತಕ್ಕೆ ಅಂದರು, ಕೊನೆಗೆ ನಡೆಯಲೇ ಇಲ್ಲ. ಅದರ ಮುಂದಿನದು ಚೀನಾದ ಶಾಂತೌದಲ್ಲಿ ಅಂತಿತ್ತು. ಕೋವಿಡ್ ಬಂದು ಅದೂ ರದ್ದು. ನಾನ್‌ಜಿಂಗ್ ಆಗಿ ಹನ್ನೆರಡು ವರ್ಷಕ್ಕೆ ಬಹ್ರೇನ್. ನಡುವೆ ಹದಿಹರೆಯ ಮುಗಿಸಿದ ಏಷ್ಯಾದ ಮಕ್ಕಳಿಗೆ ಈ ಬಾಗಿಲು ತೆರೆದೇ ಇರಲಿಲ್ಲ. ಪದಕ ಸಿಗದೆ ಹೋದದ್ದು ದಾಖಲೆಯಲ್ಲಿರುತ್ತದೆ. ಕೂಟವೇ ನಡೆಯದೆ ಹೋದದ್ದಕ್ಕೆ ಯಾವ ದಾಖಲೆ?

"2017ಕ್ಕೆ ನಂಗೆ ಹದಿನಾರು" ಅಂದ ಅಣ್ಣನ ಮಗ. ಆಮೇಲೆ ತಾನೇ ನಕ್ಕ. "ನಾನೇನು ಇಂಡಿಯಾ ಟೀಮಿಗೆ ಹೋಗ್ತಿದ್ದೆ ಅಂತ ಅಲ್ಲ ಚಿಕ್ಕಪ್ಪ. ಲಾಂಚ್ ದಾಟದವ ಸಮುದ್ರ ದಾಟ್ತಿದ್ನಾ?"

ದೂರದಲ್ಲಿ ಗುಡುಗು ಶುರುವಾಯಿತು. ಇಳಿದೆವು.

ಅಕ್ಟೋಬರ್ 22, ಬುಧವಾರ. ಬಲಿಪಾಡ್ಯಮಿ

ಗೋಪೂಜೆಯ ದಿನ ಮನೆಯಲ್ಲಿ ಬೇರೆ ಮಾತಿಗೆ ಜಾಗವಿಲ್ಲ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೆಮ್ಮಣ್ಣು ಶೇಡಿಯಲ್ಲಿ ಮೈಮೇಲೆ ಅಚ್ಚು ಒತ್ತಿ, ಕೊರಳಿಗೆ ಅಡಿಕೆ, ಚೆಂಡುಹೂವು, ವೀಳ್ಯದೆಲೆ, ಪಚ್ಚೆತೆನೆ ಪೋಣಿಸಿದ ಸರ. ಕೊಟ್ಟೆ ಕಡುಬು, ಹೋಳಿಗೆ. ಅಕ್ಕ ಭಾವ ಹತ್ತು ಗಂಟೆಗೆ ಬಂದರು. ಸೇತುವೆ ಮೇಲೆ ಬಂದವರಿಗೆ ಲಾಂಚಿನ ಕ್ಯೂ ನೆನಪೇ ಇಲ್ಲ, ಸೆಲ್ಫಿಯವರನ್ನು ಬೈಯುತ್ತಾ ಒಳಗೆ ಬಂದರು. ಸೌಕರ್ಯ ಎಷ್ಟು ಬೇಗ ಹಳತಾಗುತ್ತದೆ!

ಬಹ್ರೇನ್‌ನಲ್ಲಿ ಆ ರಾತ್ರಿ ಉದ್ಘಾಟನೆ. ಏಷ್ಯಾದ 45 ದೇಶ, ಪ್ರದೇಶಗಳ ಮಕ್ಕಳು. ನಾವು ನೋಡಿದ್ದು ಅಂಟಿಗೆ ಪಂಟಿಗೆಯವರನ್ನು. ಹೊತ್ತಿಸಿದ ದೀಪ ಆರದಂತೆ ಹಿಡಿದುಕೊಂಡು, ಹಾಡು ಹೇಳುತ್ತಾ ಮನೆಯಿಂದ ಮನೆಗೆ ರಾತ್ರಿಯೆಲ್ಲ ನಡೆಯುವ ತಂಡ. ಬಾಗಿಲಿಗೆ ಬಂದ ದೀಪಕ್ಕೆ ಮನೆಯವರು ಎಣ್ಣೆ ಎರೆಯುತ್ತಾರೆ, ಅಕ್ಕಿ, ಕಡುಬು, ದುಡ್ಡು ಕೊಡುತ್ತಾರೆ. ನಮ್ಮ ಮನೆಗೆ ಬಂದಾಗ ನಡುರಾತ್ರಿ ದಾಟಿತ್ತು. ಹಿರಿಯರು ಇಬ್ಬರು ಮುಂದೆ ಹಾಡುವವರು. ಹಿಂದೆ ಸೊಲ್ಲು ತೆಗೆದುಕೊಳ್ಳುವವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಹಾಡು ಮುಗಿದದ್ದೇ ತಡ, ದೀಪ ಹಿಡಿದ ಹುಡುಗ ಪುಟ್ಟಿಯ ಕಡೆ ತಿರುಗಿ, "ನಿಮ್ ಗುಡ್ಡದಲ್ಲಿ ಸಿಗ್ನಲ್ ಉಂಟಲ. ಹುಡ್ಗೀರು ಫೈನಲ್ಲಿಗೆ ಬಂದ್ರ?" ಅಂತ ಕೇಳಿದ.

"ಬಂದಾರೆ, ಹುಡುಗ್ರೂ ಬಂದಾರೆ. ಎರಡೂ ಇರಾನ್ ಮೇಲೆ. ನಾಳೆ."

"ನಾಳೆ ನಮ್ದೂ ಉಂಟು. ಶಾಲೆ ಅಂಗಳಕ್ಕೆ ಬಾ" ಅಂದು ಮುಂದಿನ ಮನೆಗೆ ಹೊರಟ.

ಅಕ್ಟೋಬರ್ 23, ಗುರುವಾರ. ಎರಡು ಅಂಕಣ

ಬೆಳಿಗ್ಗೆ ಅಣ್ಣನ ಮಗ ಅಡಿಕೆ ಒಣಗಿಸುವ ಅಂಗಳದಲ್ಲೇ ಪುಟ್ಟಿಗೆ ಪಾಠ ಶುರು ಮಾಡಿದ. ಆಂಕಲ್ ಹೋಲ್ಡ್. ರೈಡರ್ ಜಾಸ್ತಿ ಪಾಯಿಂಟ್ ಕೊಡುವ ಬೋನಸ್ ಲೈನಿಗೆ ಕಾಲು ಚಾಚುವಾಗ ಹಿಂದಿನ ಕಾಲಿನ ಮೇಲೆ ಕಣ್ಣಿಡಬೇಕು. ಚಾಚಿದ ಕಾಲು ನೆಲ ಮುಟ್ಟುವ ಗಳಿಗೆಯಲ್ಲಿ ಹಿಮ್ಮಡಿ ಹಿಡಿಯಬೇಕು, ಹಿಡಿದಮೇಲೆ ತಲೆ ಒಳಗೆ. ಮುಖ ಮೇಲಿದ್ದರೆ ಮಂಡಿ ಬಂದು ಬಡಿಯುತ್ತದೆ. ಅವನೇ ರೈಡರ್. ಅವಳು ಹಿಡಿದಾಗಲೆಲ್ಲ ಅಮ್ಮ ಜಗುಲಿಯಿಂದ, "ಹುಡುಗಿ ಕೈ ಮುರೀಬೇಡ್ವೋ" ಅನ್ನುತ್ತಿದ್ದಳು. ಮುರಿಯುವ ಸ್ಥಿತಿಯಲ್ಲಿದ್ದದ್ದು ಅವನ ಕಾಲು.

ಅವನ ಒಂದು ಮಾತು ಬರೆದಿಡಬೇಕು. ಮಣ್ಣಿನಲ್ಲಿ ಕಲಿತವರಿಗೆ ಮ್ಯಾಟ್ ಮೇಲೆ ಮೊದಲ ಅರ್ಧ ಗಂಟೆ ಆಡಲಿಕ್ಕೇ ಆಗುವುದಿಲ್ಲವಂತೆ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿ ಹಿಡಿಯುತ್ತದೆ. ತಿರುಗುವುದು ಬೇಗ, ಮಂಡಿ ತಿರುಚುವುದೂ ಬೇಗ. ಹಳ್ಳಿ ಶಾಲೆಯ ಮಕ್ಕಳು ಮ್ಯಾಟನ್ನು ಮೊದಲು ನೋಡುವುದೇ ಜಿಲ್ಲಾ ಮಟ್ಟದಲ್ಲಿ, ಆಯ್ಕೆಗಾರರ ಎದುರಿಗೆ. ಅಲ್ಲಿ ಅವರು ಜಾರಿಬಿದ್ದರೆ "ಟೆಕ್ನಿಕ್ ಇಲ್ಲ" ಅಂತ ಬರೆದುಕೊಳ್ಳುತ್ತಾರೆ. ಪುಟ್ಟಿಯ ಶಾಲೆಯಲ್ಲೂ ಮ್ಯಾಟ್ ಇಲ್ಲ. ಅವಳು ಜಿಲ್ಲಾ ಪಂದ್ಯ ಆಡಿದ್ದು ಗೆಳತಿಯ ಶೂ ಹಾಕಿಕೊಂಡು.

ಮಧ್ಯಾಹ್ನ ಜೋರು ಮಳೆ. ಶಾಲೆ ಅಂಗಳ ಕೆಸರಾಯಿತು. ಹುಡುಗರು ಬಿಟ್ಟಾರೆಯೇ? ಗರಗಸದ ಮಿಲ್ಲಿನಿಂದ ಹೊಟ್ಟು ತಂದು ಸುರಿದರು, ಮೇಲೆ ಮತ್ತೆ ಸುಣ್ಣದ ಗೆರೆ ಎಳೆದರು. 13 ಮೀಟರ್ ಉದ್ದ, 10 ಮೀಟರ್ ಅಗಲ. ಹಗ್ಗದಲ್ಲಿ ಗಂಟು ಹಾಕಿ ಅಳತೆ ಇಟ್ಟುಕೊಂಡಿದ್ದಾರೆ. ಸಂಜೆಗೆ ಲೈಟು ಹಚ್ಚಿದರು. ಬಹುಮಾನ ಒಂದು ಗೊನೆ ಬಾಳೆಹಣ್ಣು, ಒಂದು ಟ್ರೋಫಿ. ಮೂವತ್ತು ದಾಟಿದವರ ತಂಡವೂ ಒಂದಿತ್ತು. ಅವರ ರೈಡು ಮೂವತ್ತು ಸೆಕೆಂಡು ಮುಟ್ಟುವುದರೊಳಗೆ ಉಸಿರು ಮುಗಿಯುತ್ತಿತ್ತು. ನಕ್ಕು ನಕ್ಕು ಸಾಕಾಯಿತು.

ಪುಟ್ಟಿ ಗುಡ್ಡಕ್ಕೂ ಅಂಗಳಕ್ಕೂ ಓಡಾಡುತ್ತಿದ್ದಳು. ಮೊದಲು ಹುಡುಗಿಯರ ಸುದ್ದಿ ತಂದಳು. ಇರಾನ್ ಮೇಲೆ 75-21. ಮೈಕ್ ಹಿಡಿದಿದ್ದವನು ಅದನ್ನು ಕೂಗಿದ. ಅಂಗಳದಲ್ಲಿ ಶಿಳ್ಳೆ. ಒಬ್ಬ ಹೆಂಗಸು ಪಕ್ಕದವಳಿಗೆ, "ಆ ಇರಾನಿನ ಮಕ್ಳಿಗೆ ಪಾಪ" ಅಂದದ್ದೂ ಕೇಳಿಸಿತು.

ಹುಡುಗರ ಫೈನಲ್ ಬೇರೆ ತರಹದ್ದು. ಅದರ ಸುದ್ದಿ ತರುವುದಕ್ಕೆ ಅಣ್ಣನ ಮಗನೂ ಗುಡ್ಡ ಹತ್ತಿದ. ಟಾರ್ಚಿನ ಬೆಳಕು ಮರದ ಸಂದಿಯಲ್ಲಿ ಇಳಿದು ಬರುವವರೆಗೆ ಅಂಗಳದಲ್ಲಿ ಪಂದ್ಯವನ್ನೇ ನಿಲ್ಲಿಸಿ ಕಾದರು.

"35-32! ಗೆದ್ರು! ಮೂರೇ ಪಾಯಿಂಟು!"

ಮೂರು ಪಾಯಿಂಟು ಅಂದರೆ ಒಂದು ಒಳ್ಳೆಯ ರೈಡು. ಪಾಕಿಸ್ತಾನದ ಮೇಲೆ 81 ಗಳಿಸಿದ್ದ ಹುಡುಗರು ಇಲ್ಲಿ ಒಂದೊಂದು ಪಾಯಿಂಟಿಗೂ ಒದ್ದಾಡಿರಬೇಕು. ನನಗೆ ಈ ಸ್ಕೋರೇ ಜಾಸ್ತಿ ಖುಷಿ ಕೊಟ್ಟಿತು. ಬಹ್ರೇನ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನಗಳು ಕಬಡ್ಡಿಯವೇ. ಅಂಗಳದಲ್ಲಿ ಹುಡುಗರು ಅಣ್ಣನ ಮಗನನ್ನು ಎತ್ತಿ ಕುಣಿದರು, ಅವನೇ ಗೆದ್ದು ಬಂದ ಹಾಗೆ. ಆಮೇಲೆ ಅವನನ್ನು ಬಲವಂತದಿಂದ ಅಂಕಣಕ್ಕೆ ಇಳಿಸಿದರು. ಎರಡು ರೈಡ್ ಮಾಡಿದ. ಮೊದಲನೆಯದರಲ್ಲಿ ಇಬ್ಬರನ್ನು ಮುಟ್ಟಿ ಬಂದ. ಎರಡನೆಯದರಲ್ಲಿ ದೀಪ ಹಿಡಿದಿದ್ದ ಹುಡುಗನೇ ಅವನನ್ನು ಸೊಂಟ ಹಿಡಿದು ಹೊಟ್ಟಿನಲ್ಲಿ ಕೆಡವಿದ.

ಅಕ್ಟೋಬರ್ 24, ಶುಕ್ರವಾರ. ನಗರದ ದಾರಿಯಲ್ಲಿ ಶಿವಮೊಗ್ಗಕ್ಕೆ

ಶೂ ಕೊಡಿಸುತ್ತೇನೆ ಅಂತ ಪುಟ್ಟಿಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟೆ. ಸೇತುವೆ ಬಿಟ್ಟು ಹಳೆಯ ಸುತ್ತು ದಾರಿಯನ್ನೇ ಹಿಡಿದೆವು. ನಿಟ್ಟೂರು, ಸಂಪೆಕಟ್ಟೆ, ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು. ಸಂಪೆಕಟ್ಟೆಯ ಹತ್ತಿರ ಮಂಜು ಸರಿದಾಗ ಕೊಡಚಾದ್ರಿ ಪೂರಾ ಕಂಡಿತು. ನಗರದ ಕೋಟೆಗೆ ಹತ್ತಿ ಇಳಿದೆವು. ಕೆಳದಿ ಅರಸರ ಬಿದನೂರು ಇದೇ. ಪುಟ್ಟಿಗೆ ಇತಿಹಾಸಕ್ಕಿಂತ ಕೋಟೆಯ ಮೆಟ್ಟಿಲಲ್ಲಿ ಸ್ಪ್ರಿಂಟ್ ಹೊಡೆಯುವುದೇ ಇಷ್ಟವಾಯಿತು.

ಕಾರಿನಲ್ಲಿ ಅವಳು ಮತ್ತೆ ಲೆಕ್ಕ ಹಾಕುತ್ತಿದ್ದಳು. ಯೂತ್ ಗೇಮ್ಸ್ ಇಲ್ಲದಿದ್ದರೆ ಜೂನಿಯರ್ ನ್ಯಾಷನಲ್ಸ್. ಆಮೇಲೆ ಸೀನಿಯರ್. ದೊಡ್ಡವರ ಏಷ್ಯನ್ ಗೇಮ್ಸಿನಲ್ಲಿ ಕಬಡ್ಡಿ 1990ರಿಂದ ಇದೆ, ಮಹಿಳೆಯರದ್ದು 2010ರಿಂದ. "ಅಲ್ಲಿ ಮೇಲಿನ ವಯಸ್ಸಿನ ಮಿತಿ ಇಲ್ಲ, ಅಲ್ವಾ?" ಅಂದಳು. ಇಲ್ಲ ಅಂದೆ.

ಶಿವಮೊಗ್ಗದ ಅಂಗಡಿಯಲ್ಲಿ ಮ್ಯಾಟ್ ಶೂ ಹುಡುಕುವುದೇ ಒಂದು ಕೆಲಸವಾಯಿತು. ರನ್ನಿಂಗ್ ಶೂ ಗೋಡೆ ತುಂಬ ಇದ್ದವು, ಕ್ರಿಕೆಟ್‌ನದು ಇನ್ನೂ ಜಾಸ್ತಿ. ಕಬಡ್ಡಿ ಶೂ ಒಳಗಿನ ಗೋದಾಮಿನಿಂದ ತಂದರು. ಅವಳ ಅಳತೆಯದು ಒಂದೇ ಜೊತೆ, ಹುಡುಗರ ಮಾಡೆಲ್, ಬಣ್ಣ ಕಡು ಹಳದಿ. ಬೇರೆ ತರಿಸಿಕೊಡಲು ಹತ್ತು ದಿನ ಬೇಕು ಅಂದರು.

"ಹತ್ತು ದಿನ ಆಗಲ್ಲ. ಇದೇ ಇರ್ಲಿ ಮಾವ."

ಅಲ್ಲೇ ಹಾಕಿಕೊಂಡು ಸಾಗರದ ಬಸ್ಸು ಹತ್ತಿದಳು. ಅವಳು ಹೋದ ವಾರದಲ್ಲೇ ಬಹ್ರೇನ್ ಕೂಟ ಮುಗಿಯಿತು. ಭಾರತಕ್ಕೆ 13 ಚಿನ್ನ ಸೇರಿ 48 ಪದಕ, ಆರನೇ ಸ್ಥಾನ. ವೇಟ್‌ಲಿಫ್ಟಿಂಗ್‌ನ 44 ಕೆಜಿ ವಿಭಾಗದಲ್ಲಿ ಒಡಿಶಾದ ಪ್ರೀತಿಸ್ಮಿತಾ ಭೋಯಿ ಕ್ಲೀನ್ ಆಂಡ್ ಜರ್ಕ್‌ನಲ್ಲಿ 92 ಕೆಜಿ ಎತ್ತಿ ವಿಶ್ವ ಯೂತ್ ದಾಖಲೆ ಮಾಡಿದಳು. ಪುಟ್ಟಿ ಆ ಸುದ್ದಿಯನ್ನು ನನಗೆ ಕಳಿಸಿ ಕೆಳಗೆ ಬರೆದಿದ್ದಳು: "ನನ್ನ ತೂಕದ ಡಬಲ್ ಮಾವ. ವಿಭಾಗ ಮಟ್ಟದ ಡೇಟ್ ಬಂತು, ಅಮ್ಮಂಗೆ ರಜಾ ಇಲ್ಲ, ನೀವೇ ಬರ್ಬೇಕು."